ಕೊಂಬೆಯಲ್ಲೇ ನಿಂತ ನೋಟ

ಪರಿಚಿತರೊಬ್ಬರು ನಿರ್ಮಿಸಿದ ಕಿರುಚಿತ್ರವನ್ನು ನೋಡಲು ಮೊನ್ನೆ ಸಂಜೆ ನಾವು ಕೆಲವರು ಸೇರಿದ್ದೆವು. ಒಳಚರಂಡಿಗೆ ಇಳಿದು ಮರಳಿ ಬಾರದ ಕಾರ್ಮಿಕನೊಬ್ಬನ ಮನೆಯ ಕಥೆ ಅದು. ಅದರಲ್ಲಿ ಆಕ್ರಂದನವಿಲ್ಲ, ಆಕ್ರೋಶವೂ ಇಲ್ಲ. ಬಚ್ಚಲಿನ ಗೂಡಿನಲ್ಲಿ ಅವನು ಅರ್ಧ ಸವೆಸಿದ ಸಾಬೂನು ಇದೆ. ಅದನ್ನು ಬಳಸಲೂ ಆಗದೆ, ಬಿಸಾಡಲೂ ಆಗದೆ ನಿಂತ ಹೆಂಡತಿ ಇದ್ದಾಳೆ. ಚಿತ್ರ ಮುಗಿಯಿತು, ದೀಪ ಹತ್ತಿತು. ನಾವು ಪರಿಚಿತರ ಕೈಕುಲುಕಿ ಅಭಿನಂದಿಸಿದೆವು. ಛಾಯಾಗ್ರಹಣ ಸೊಗಸಾಗಿದೆ ಎಂದೆವು. ಸಂಗೀತ ಹಿತಮಿತವಾಗಿದೆ ಎಂದೆವು. ಮನೆಗೆ ಮರಳುವ ದಾರಿಯಲ್ಲಿ ಆ ಹೆಂಗಸಿನ ಹೆಸರು ನೆನಪಿಸಿಕೊಳ್ಳಲು ಯತ್ನಿಸಿದೆವು. ಚಿತ್ರದಲ್ಲಿ ಅದು ಹಲವು ಸಲ ಬಂದಿತ್ತು. ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಶಾಖಾಚಂದ್ರ ನ್ಯಾಯ ಎಂದು ಶಾಸ್ತ್ರಗಳಲ್ಲಿ ಒಂದು ಮಾತಿದೆ. ಬಿದಿಗೆಯ ಚಂದ್ರ ಬಲು ಕೃಶ. ಹುಡುಕುವ ಕಣ್ಣಿಗೆ ಬೇಗ ಸಿಗುವುದಿಲ್ಲ. ಅದಕ್ಕೇ ಬಲ್ಲವರು ಮೊದಲು ಮರದ ಕೊಂಬೆಯನ್ನು ತೋರಿಸುತ್ತಾರೆ, 'ಅಗೋ, ಅದರ ತುದಿಯಲ್ಲಿ ನೋಡು' ಎನ್ನುತ್ತಾರೆ. ಕಲೆ ಎಂಬುದು ಅಂಥ ಕೊಂಬೆ. ಕಲಾವಿದ ನಮ್ಮವನೇ ಆದಾಗ ಕೊಂಬೆ ಇನ್ನಷ್ಟು ಸಮೀಪ, ಇನ್ನಷ್ಟು ಪ್ರಿಯ. ಕಣ್ಣು ಅಲ್ಲೇ ತಂಗುತ್ತದೆ. ಬಿದಿಗೆಯ ಚಂದ್ರನಾದರೋ ಬಹಳ ಹೊತ್ತು ಕಾಯುವುದಿಲ್ಲ. ನಮ್ಮ ಪ್ರಶಂಸೆ ಸುಳ್ಳಾಗಿರಲಿಲ್ಲ. ಸ್ನೇಹಕ್ಕೆ ಸಲ್ಲಬೇಕಾದ ಋಣವೇ ಅದು. ಆದರೆ ಒಂದು ಋಣ ತೀರಿಸಿದ ನೆಮ್ಮದಿಯಲ್ಲಿ ಇನ್ನೊಂದು ಋಣ ಮರೆತುಹೋಯಿತು.

ನಮ್ಮ ಸಮಾಜ ಈ ನೋವನ್ನು ಅರಿಯದೇ ಇದ್ದುದಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕ 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ನಿಷೇಧಿಸಿತು. 1993ರಲ್ಲಿ ದೇಶದ ಕಾಯಿದೆ ಬಂತು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು ಅಪರಾಧವೆಂದು 2013ರ ಕಾಯಿದೆ ಸಾರಿತು. ಒಳಚರಂಡಿಯಲ್ಲಾಗುವ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಬೆಳೆದಿದೆ, ಪರಿಹಾರ ಕೊಡಬೇಕಾದ ದಿನಗಳು ಮುಗಿದಿಲ್ಲ. ಕಾಯಿದೆಯೂ ಒಂದು ಕೊಂಬೆಯೇ. ಅದು ತೋರಿಸಬಲ್ಲದು, ನಮ್ಮ ಪರವಾಗಿ ಅದು ನೋಡಲಾರದು.

ಮಲಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಒಂದು ವಿಚಿತ್ರ ಗುಣವಿದೆ. ಅಲ್ಪವಾಗಿದ್ದಾಗ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಮೂಗು ಎಚ್ಚರಿಸುತ್ತದೆ. ಅಧಿಕವಾದಾಗ ಮೂಗೇ ಮರಗಟ್ಟುತ್ತದೆ. ವಾಸನೆ ಅಡಗಿದ ಆ ಗಳಿಗೆಯೇ ಅಪಾಯದ ಪರಾಕಾಷ್ಠೆ. ಮನಸ್ಸಿನ ಧರ್ಮವೂ ಬಹುಶಃ ಇದೇ. ಅಪರೂಪದ ದುಃಖ ನಮ್ಮನ್ನು ಕಲಕುತ್ತದೆ. ನಿತ್ಯದ ದುಃಖ ನಮ್ಮೊಳಗೆ ವಾಸನೆ ಕಳೆದುಕೊಳ್ಳುತ್ತದೆ. ನಾವು ನಿರ್ದಯರೇನೂ ಅಲ್ಲ. ಬದುಕು ಸಾಗಬೇಕಾದ್ದರಿಂದ ಅಭ್ಯಾಸಕ್ಕೆ ಒಳಗಾದವರು, ಅಷ್ಟೆ.

ಇಂದು ಬೆಳಗಿನ ಜಾವ ಪೊರಕೆಯ ಸದ್ದಿಗೆ ಎಚ್ಚರವಾಯಿತು. ವರ್ಷಗಳಿಂದ ಕಿವಿಗೆ ಬೀಳುತ್ತಿದ್ದ ಸದ್ದು, ಕೇಳಿಸಿದ್ದು ಇಂದು. ಗೇಟಿನ ಬಳಿ ಹೋಗಿ, 'ನಿಮ್ಮ ಹೆಸರೇನಮ್ಮಾ?' ಎಂದಾಗ ಬೀದಿ ಗುಡಿಸುತ್ತಿದ್ದಾಕೆಯ ಕೈ ತಡೆಯಿತು. 'ಯಾಕ್ ಸಾರ್, ಏನಾದ್ರೂ ತಪ್ಪಾಯ್ತಾ?' ಎಂದರು. ಹೆಸರು ಕೇಳುವುದು ದೂರು ಕೊಡುವುದಕ್ಕೇ ಎಂದು ಅವರ ಅನುಭವ ಕಲಿಸಿತ್ತು. ಆ ಪಾಠದಲ್ಲಿ ನಮ್ಮೆಲ್ಲರ ಪಾಲೂ ಇದೆ. 'ಏನೂ ಇಲ್ಲಮ್ಮಾ, ಸುಮ್ಮನೆ ಕೇಳಿದೆ' ಎಂದ ಮೇಲೆ, ಅನುಮಾನಿಸುತ್ತಲೇ ಹೆಸರು ಹೇಳಿ ಮತ್ತೆ ಗುಡಿಸತೊಡಗಿದರು.

ಹೆಸರು ತಿಳಿದ ಮಾತ್ರಕ್ಕೆ ಯಾರ ಬದುಕೂ ಹಗುರವಾಗದು. ಆದರೆ ಹೆಸರಿದ್ದವರ ನೋವು ಅಷ್ಟು ಸುಲಭವಾಗಿ ವಾಸನೆ ಕಳೆದುಕೊಳ್ಳುವುದಿಲ್ಲ. ಪರಿಚಿತರೊಬ್ಬರ ಕೃತಿಗೆ ನಾವು ಸಲ್ಲಿಸಬಹುದಾದ ನಿಜವಾದ ಮೆಚ್ಚುಗೆ ಇಷ್ಟೇ ಇರಬಹುದು: ಅಪರಿಚಿತರೊಬ್ಬರು ನಮಗೆ ಪರಿಚಿತರಾಗುವುದು.