ಏಳು ತಂತಿಯ ದಾರಿ

ಕೋಯಂಬೇಡು ಮಾರುಕಟ್ಟೆಯಲ್ಲಿ ನಡುರಾತ್ರಿ ಕಳೆದರೆ ಬೆಳಗಾದಂತೆಯೇ. ಚಿತ್ರದುರ್ಗದ ಕಡೆಯ ಈರುಳ್ಳಿ ಲಾರಿ, ಕೋಲಾರದ ಟೊಮೆಟೊ ಲಾರಿ ಬಂದು ನಿಂತಾಗ ಹಮಾಲರ ತಮಿಳಿನ ನಡುವೆ ಚಾಲಕರ ಕನ್ನಡವೂ ಕಿವಿಗೆ ಬೀಳುತ್ತದೆ. ಹಳೆಯ ಮಾರುಕಟ್ಟೆಯಾದ ಕೊತ್ತವಾಲ್ ಚಾವಡಿಯ ಇಕ್ಕಟ್ಟು ತಪ್ಪಿಸಲು 1996ರಲ್ಲಿ ಚೆನ್ನೈನ ಸಗಟು ತರಕಾರಿ ವ್ಯಾಪಾರ ಇಲ್ಲಿಗೆ ಬಂತು. ಇಲ್ಲಿನ ಈರುಳ್ಳಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಮುಳಬಾಗಿಲಿನ ಹುಡುಗ ಹಳೆಯ ಲ್ಯಾಪ್‌ಟಾಪ್ ಒಂದನ್ನು ನನ್ನ ಮುಂದಿಟ್ಟ. "ಅಣ್ಣಾ, ಯಜಮಾನ್ರು ಇದನ್ನ ಗುಜರಿಗೆ ಹಾಕು ಅಂತಿದ್ದಾರೆ. ನೀವು ಒಂದ್ಸಲ ನೋಡಿ."

ಅದರಲ್ಲಿದ್ದ ಹಳೆಯ ಡಾಸ್ ವ್ಯವಸ್ಥೆ ಸರಿಯಾಗಿ ಏಳುತ್ತಿತ್ತು. ಆದರೆ ಫ್ಲಾಪಿ ಡ್ರೈವ್ ಕೆಟ್ಟಿತ್ತು, ಯುಎಸ್‌ಬಿ ಇರಲೇ ಇಲ್ಲ. ಹೊಸ ಪ್ರೋಗ್ರಾಂ ಒಳಗೆ ಹೋಗಲು ಉಳಿದಿದ್ದ ಬಾಗಿಲು ಒಂದೇ: ಹಿಂಬದಿಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್. ಆರ್‌ಎಸ್-232 ಎಂಬ ಆ ಪದ್ಧತಿ ಹುಟ್ಟಿದ್ದು 1960ರಲ್ಲಿ. ಒಂದು ಯಂತ್ರ ಕಳಿಸುವ ತಂತಿ ಇನ್ನೊಂದು ಕೇಳಿಸಿಕೊಳ್ಳುವ ಪಿನ್ನಿಗೆ ಸೇರಬೇಕು. ಅಂದರೆ 2 ಮತ್ತು 3 ಅಡ್ಡಬದಲಾಗಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚ್ಚಿ ಸ್ಟ್ರೀಟಿನಿಂದ ಕನೆಕ್ಟರ್ ತಂದು ಏಳು ತಂತಿಯ ಕೇಬಲನ್ನು ನಾನೇ ಬೆಸುಗೆ ಹಾಕಿದೆ.

1993ರ ಎಂಎಸ್-ಡಾಸ್ 6ರಲ್ಲಿ ಇಂಟರ್‌ಸರ್ವರ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಅದು ತನ್ನನ್ನೇ ತಂತಿಯ ಮೂಲಕ ಇನ್ನೊಂದು ಯಂತ್ರಕ್ಕೆ ದಾಟಿಸಬಲ್ಲದು! ಲ್ಯಾಪ್‌ಟಾಪಿನಲ್ಲಿ ನಾವು ಎರಡು ಸಾಲು ಟೈಪ್ ಮಾಡಿದರೆ ಸಾಕು. ಮೊದಲನೆಯದು ವೇಗವನ್ನು 2400ಕ್ಕೆ ಇಡುತ್ತದೆ. ಎರಡನೆಯದು 'ಸಿಟಿಟಿವೈ ಕಾಮ್1'. ಅದಾದ ಮೇಲೆ ಯಂತ್ರ ತನ್ನ ಕೀಲಿಮಣೆಯ ಮಾತು ಕೇಳುವುದಿಲ್ಲ, ತಂತಿಯ ಮಾತನ್ನಷ್ಟೇ ಕೇಳುತ್ತದೆ. ಒಂದೊಂದು ಅಕ್ಷರಕ್ಕೂ ಆರಂಭದ ಗುರುತು, ಮುಗಿದ ಗುರುತು ಸೇರಿ ಹತ್ತು ಬಿಟ್. ಆ ವೇಗದಲ್ಲಿ ಸೆಕೆಂಡಿಗೆ 240 ಅಕ್ಷರಗಳಷ್ಟೇ. ಕಡತ ಕಳಿಸುತ್ತಿದ್ದ ನನ್ನ ಹಳೆಯ ಡೆಸ್ಕ್‌ಟಾಪಿನ ಪಕ್ಕದಲ್ಲಿ ಹುಡುಗ ಕುಕ್ಕರುಗಾಲಿನಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದ. ಕಡತ ಬಂದು ಸೇರಿದಾಗ ಅವನ ಮುಖ ಅರಳಿತು.

ಇಷ್ಟು ಕಷ್ಟಪಟ್ಟದ್ದು ಹಳೆಯ ಯಂತ್ರದ ಮೇಲಿನ ಮೋಹದಿಂದಲ್ಲ. ಆ ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಗೂ ಇಂಥದ್ದೇ ಒಂಬತ್ತು ಪಿನ್ನಿನ ಬಾಯಿ ಇದೆ. ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದಿಲ್ಲ, ನಡುವೆ ಬೇರೆ ಅಡಾಪ್ಟರ್ ಬೇಕು. ಈ ಹಳೆಯದಕ್ಕಾದರೆ ನೇರ ಜೋಡಿಸಿದರಾಯಿತು. ಮೊದಲು ಪರದೆ ತುಂಬ ಗಜಿಬಿಜಿ ಅಕ್ಷರ ಬಂತು. ತಕ್ಕಡಿಯ ವೇಗ 9600 ಎಂದು ಗೊತ್ತಾಗಿ ಇಲ್ಲೂ ಅದನ್ನೇ ಇಟ್ಟ ಕೂಡಲೇ ಮೂಟೆಯ ತೂಕ ಸ್ಪಷ್ಟವಾಗಿ ಮೂಡಿತು.

ಈರುಳ್ಳಿ ಬೆಳೆದವನು ನೂರಾರು ಕಿಲೋಮೀಟರ್ ದೂರದಲ್ಲಿರುತ್ತಾನೆ. ತಕ್ಕಡಿಯ ಮುಂದೆ ನಿಲ್ಲುವ ಅನುಕೂಲ ಅವನಿಗಿಲ್ಲ. ಮಂಡಿಯಿಂದ ಬರುವ ಪಟ್ಟಿಯಲ್ಲಿ ಬರೆದದ್ದೇ ಅವನಿಗೆ ತೂಕ, ಅದರ ಮೇಲೆಯೇ ಅವನ ದುಡ್ಡು. ಗಡಿಬಿಡಿಯಲ್ಲಿ ಕೈಬರಹದ 7 ಎಂಬುದು 1 ಆದರೆ ನಷ್ಟ ಅವನದೇ. ತಕ್ಕಡಿ ಹೇಳಿದ ಅಂಕಿ ಯಾರ ಕೈಯೂ ತಾಗದೆ ಲೆಕ್ಕಕ್ಕೆ ಇಳಿಯುವುದು ಅವನಿಗೆ ಸಲ್ಲಬೇಕಾದ ನ್ಯಾಯ.

ನಿಮ್ಮ ಅಟ್ಟದ ಮೇಲೆ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಗುಜರಿಯವರನ್ನು ಕರೆಯುವ ಮೊದಲು ಅದರ ಹಿಂಬದಿ ನೋಡಿ. ಒಂಬತ್ತು ಪಿನ್ನಿನ ಬಾಯಿ ಕಂಡರೆ, ಹತ್ತಿರದ ಮಂಡಿಯಲ್ಲಿ ಯಾರಿಗಾದರೂ ಬೇಕೇ ಎಂದು ಒಂದು ಮಾತು ಕೇಳಿ.