ಅರಿತ ಮೇಲಿನ ಹೊಣೆ

ಮನೆಯ ಮಗನೋ ಮಗಳೋ ಇಂಜಿನಿಯರಿಂಗ್ ಕಾಲೇಜಿಗೆ ಸೇರುವಾಗ ಹಿರಿಯರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ: ಯಾವ ಶಾಖೆ, ಎಷ್ಟು ಶುಲ್ಕ, ಮುಂದೆ ಎಷ್ಟು ಸಂಬಳ. ಇವುಗಳಲ್ಲಿ ತಪ್ಪೇನೂ ಇಲ್ಲ. ಸಾಲ ಮಾಡಿ ಓದಿಸುವ ತಂದೆಯು ಆ ಸಾಲ ತೀರುವ ದಾರಿಯನ್ನು ಯೋಚಿಸಲೇಬೇಕು. ಆದರೆ ಬಳ್ಳಾರಿ ನಗರದಲ್ಲಿ ಓದುವ ವಿದ್ಯಾರ್ಥಿಗೆ ಇಂದು ನಾಲ್ಕನೆಯ ಪ್ರಶ್ನೆಯೊಂದು ಪಾಠದ ಒಳಗಿನಿಂದಲೇ ಎದುರಾಗುತ್ತದೆ. ತನ್ನ ವಿದ್ಯೆಯಿಂದ ನಡೆಯುವ ಯಂತ್ರದ ಹೊಗೆಯನ್ನು ಯಾರ ಖಾತೆಗೆ ಬರೆಯಬೇಕು ಎಂಬುದೇ ಆ ಪ್ರಶ್ನೆ.

ಹವಾಮಾನ ಬದಲಾವಣೆ ಹೊಸ ಆತಂಕದಂತೆ ತೋರಿದರೂ ಅದರ ಮೂಲ ವಿಜ್ಞಾನ ಹಳೆಯದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿಯ ಶಾಖ ಏರುವುದೆಂದು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ 1896ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆ ಆರಂಭಿಸಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. ಒಮ್ಮೆ ಗಾಳಿಗೆ ಸೇರಿದ ಈ ಅನಿಲದ ಒಂದು ದೊಡ್ಡ ಪಾಲು ನೂರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಇದು ತಾತ ಮಾಡಿದ, ಮೊಮ್ಮಗ ತೀರಿಸಬೇಕಾದ ಸಾಲ. ಯಾವ ಕಿರ್ದಿಯಲ್ಲಿಯೂ ಬರೆಯದ ಸಾಲ.

ವಿದ್ಯಾರ್ಥಿಯು ಈ ಲೆಕ್ಕವನ್ನು ತನ್ನ ಊರಿನಲ್ಲಿಯೇ ಮಾಡಿ ನೋಡಬಹುದು. ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,700 ಮೆಗಾವ್ಯಾಟ್. ಅದು ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ 17 ಲಕ್ಷ ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು ಒಂದು ಕಿಲೋ ಡೈಆಕ್ಸೈಡ್ ಎಂದು ಹಿಡಿದರೆ, ಆ ಒಂದು ಗಂಟೆಯ ಹೊಗೆಯಲ್ಲಿ ಅದು 1,700 ಟನ್ ಆಗುತ್ತದೆ. ತೋರಣಗಲ್ಲಿನಲ್ಲಿರುವಂತಹ ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸುಮಾರು ಎರಡು ಟನ್ ಡೈಆಕ್ಸೈಡ್ ಹೊರಬೀಳುತ್ತದೆ. ಪದವಿ ಮುಗಿದ ಮೇಲೆ ಅನೇಕರು ಕೆಲಸಕ್ಕೆ ಅರ್ಜಿ ಹಾಕುವುದು ಇಂತಹ ಸ್ಥಳಗಳಿಗೇ.

ಇನ್ನು ಸಾಲದ ಹೊರೆಯನ್ನು ಹೊರುವವರು ಯಾರು? ತುಂಗಭದ್ರೆಯ ಕಾಲುವೆಯನ್ನು ನಂಬಿದ ಸಿರುಗುಪ್ಪ ಮತ್ತು ಕುರುಗೋಡಿನ ರೈತರು ಅವರ ಪೈಕಿ ಮೊದಲಿಗರು. 2009ರ ಅಕ್ಟೋಬರಿನ ಆರಂಭದಲ್ಲಿ ನೆರೆಯು ಸಿರುಗುಪ್ಪದ ನದೀತೀರದ ಹಳ್ಳಿಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ವರ್ಷ ಜಲಾಶಯ ತುಂಬಲಿಲ್ಲ. ಒಂದು ನೆರೆಯನ್ನಾಗಲಿ ಒಂದು ಬರವನ್ನಾಗಲಿ ನೇರವಾಗಿ ಹೊಗೆಯ ಮೇಲೆ ಹೊರಿಸುವುದು ಸರಿಯಲ್ಲ. ಬರ ಈ ಸೀಮೆಗೆ ಹೊಸತೂ ಅಲ್ಲ. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಇದರಿಂದ ಸುರಿದಾಗ ಹೆಚ್ಚು ಸುರಿಯುವ, ಸುರಿಯದಾಗ ನೆಲ ಬೇಗ ಒಣಗುವ ಸಂಭವ ಬೆಳೆಯುತ್ತದೆ. ಒಣಗಲು ಹರಡಿದ ಮೆಣಸಿನಕಾಯಿಯ ಮೇಲೆ ಅಕಾಲದ ಮಳೆ ಬಿದ್ದ ರೈತನಿಗೆ ಈ ಸಂಭವದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಊರೆಲ್ಲ ನಿರ್ದೋಷಿ, ಕಾರ್ಖಾನೆಯೊಂದೇ ದೋಷಿ ಎಂದೂ ಹೇಳುವಂತಿಲ್ಲ. ಸದಾ ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಅದೂ ಭೂಮಿಯನ್ನು ಬಿಸಿ ಮಾಡುತ್ತದೆ. ನೀರನ್ನು ಬಿಟ್ಟು ಬಿಟ್ಟು ಹಾಯಿಸಿದರೆ ಈ ಮೀಥೇನ್ ಸುಮಾರು ಅರ್ಧದಷ್ಟು ಇಳಿಯಬಲ್ಲದು. ಕೂರಿಗೆ ಭತ್ತದ ಪದ್ಧತಿಯಲ್ಲಿಯೂ ನೀರು ಉಳಿಯುತ್ತದೆ. ಅನ್ನವುಣ್ಣುವ ಪ್ರತಿಯೊಬ್ಬರ ಹೆಸರೂ ಈ ಖಾತೆಯಲ್ಲಿದೆ.

ಇಷ್ಟನ್ನು ಅರಿತ ವಿದ್ಯಾರ್ಥಿ ಏನು ಮಾಡಬೇಕು? ಅರಿಯದೆ ಆದ ಹಾನಿ ಒಂದು ಬಗೆ. ಅರಿತ ಮೇಲೂ ಎಚ್ಚರವಿಲ್ಲದೆ ಆಗಗೊಟ್ಟ ಹಾನಿ ಇನ್ನೊಂದು ಬಗೆ. ಎರಡನೆಯದನ್ನು ನಮ್ಮ ಶಾಸ್ತ್ರಕಾರರು ಪ್ರಮಾದವೆಂದು ಕರೆದರು. ಶ್ರಾವಕನಿಗೆ ನಿಷಿದ್ಧವಾದ ವೃತ್ತಿಗಳ ಹಳೆಯ ಪಟ್ಟಿಯಲ್ಲಿ ಇದ್ದಲಿನ ಕೆಲಸವಾದ ಇಂಗಾಲಕರ್ಮವೂ ನೆಲವನ್ನು ಒಡೆಯುವ ಸ್ಫೋಟಕರ್ಮವೂ ಇವೆ. ಬಳ್ಳಾರಿಯ ಜೀವನ ಈ ಎರಡರ ಮೇಲೆಯೇ ನಿಂತಿದೆಯೆಂದರೂ ಸಲ್ಲುತ್ತದೆ. ಪಟ್ಟಿಯನ್ನು ಅಕ್ಷರಶಃ ಅನುಸರಿಸಿ ಕಾರ್ಖಾನೆಯ ಕಡೆಗೆ ಬೆನ್ನು ತಿರುಗಿಸುವುದು ಒಂದು ಉತ್ತರ. ಆದರೆ ಹಾಗೆ ಬೆನ್ನು ತಿರುಗಿಸಿದವನೂ ಆ ಕೇಂದ್ರದ ವಿದ್ಯುತ್ತಿನಿಂದಲೇ ದೀಪ ಹಚ್ಚುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಹರಿದುಹೋಗುವ ನೀರನ್ನು ತಡೆದದ್ದು ಉಕ್ಕಿನ ತಡೆಹಲಗೆಗಳೇ. ಉಕ್ಕನ್ನು ನಿಂದಿಸಿ ಅದರ ಉಪಕಾರವನ್ನು ಉಣ್ಣುವುದು ಪ್ರಾಮಾಣಿಕವಲ್ಲ.

ಇಲ್ಲಿ ದಾರಿ ತೋರುವುದು ಅನರ್ಥದಂಡವೆಂಬ ವಿಚಾರ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುವಾಗ ಹಿಂಸಾದಾನವೂ, ಅಂದರೆ ಹಾನಿಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೂ ಸೇರಿದೆ. ಯಂತ್ರವನ್ನು ರಚಿಸಿ ಕೊಡುವವನಿಗೆ ಇದು ನೇರವಾಗಿ ತಾಗುವ ಮಾತು. ಗೃಹಸ್ಥನ ಬದುಕಿನಲ್ಲಿ ಪ್ರಯೋಜನಕ್ಕಾಗಿ ಆಗುವ ಹಾನಿ ಸ್ವಲ್ಪವಾದರೂ ಇದ್ದೇ ಇರುತ್ತದೆ; ಪ್ರಯೋಜನವಿಲ್ಲದೆ ಆಗುವ ಹಾನಿಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಎಲ್ಲಿಯವರೆಗೆ ಪ್ರಯೋಜನ, ಎಲ್ಲಿಂದ ಅನರ್ಥ ಎಂಬ ಗೆರೆಯನ್ನು ಅಳೆದು ಹೇಳಬಲ್ಲವನು ಇಂಜಿನಿಯರು. ರೈತನ ಪಂಪಿಗೆ ಹೋಗುವ ವಿದ್ಯುತ್ತು ಪ್ರಯೋಜನ; ಕೆಟ್ಟ ಬಾಯ್ಲರಿನಲ್ಲಿ ವ್ಯರ್ಥವಾಗಿ ಉರಿಯುವ ಕಲ್ಲಿದ್ದಲು ಅನರ್ಥ. ಕುಡತಿನಿಯಂತಹ ಕೇಂದ್ರದಲ್ಲಿ ಕಲ್ಲಿದ್ದಲಿನ ಬಳಕೆಯನ್ನು ಶೇಕಡಾ 1ರಷ್ಟು ತಗ್ಗಿಸಿದರೆ ಗಂಟೆಗೆ 17 ಟನ್ ಉಳಿಯುತ್ತದೆ. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲು ಸುಮಾರು 2 ಟನ್.

ಈ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ವಿದ್ಯಾರ್ಥಿ ಅರಿಯಬೇಕು. ಬೇರೆ ದಾರಿ ಇಲ್ಲದಿದ್ದಾಗ ಪ್ರಯೋಜನವಾಗಿದ್ದದ್ದು ಬೇರೆ ದಾರಿ ತೆರೆದಾಗ ಅನರ್ಥವಾಗುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದ ಮೇಲೆ ಹಗಲಿನ ವಿದ್ಯುತ್ತಿಗೆ ಕಲ್ಲಿದ್ದಲೊಂದೇ ಗತಿ ಎಂಬ ಮಾತು ಹಿಂದಿನ ಬಲದಿಂದ ನಿಲ್ಲಲಾರದು. ಗೆರೆ ಎಳೆಯಬೇಕಾದವರು ಎಳೆಯದೆ ಹೋದರೆ ಏನಾಗುವುದೆಂಬುದನ್ನೂ ಬಳ್ಳಾರಿ ಕಂಡಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಅಕ್ರಮ ಮಾಡಿದವರೊಡನೆ ಏನೂ ಅರಿಯದ ಲಾರಿ ಚಾಲಕನೂ ಕೂಲಿಯವನೂ ಕೆಲಸ ಕಳೆದುಕೊಂಡರು.

ಗುರಿ ಬದಲಾದುದಕ್ಕೆ ಕನ್ನಡ ನಾಡಿನದೇ ಒಂದು ನಿದರ್ಶನವಿದೆ. ಕುಂದಾಪುರದ ಕಡೆಯ ಮನೆತನದ ಹರೀಶ್ ಹಂದೆಯವರು ಬೆಳೆದದ್ದು ಉಕ್ಕಿನ ನಗರವಾದ ರೂರ್ಕೆಲಾದಲ್ಲಿ. ಖರಗಪುರದ ಐಐಟಿಯಲ್ಲಿ ಇಂಧನ ಇಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಸಂಶೋಧನೆಗೆ ತೊಡಗಿದ್ದಾಗ ಡೊಮಿನಿಕನ್ ಗಣರಾಜ್ಯದ ಬಡವರ ಮನೆಗಳಲ್ಲಿ ಸೌರದೀಪಗಳನ್ನು ಕಂಡರು. ಅವರ ಅಧ್ಯಯನದ ದಿಕ್ಕು ಬದಲಾಯಿತು. 1995ರಲ್ಲಿ ಸ್ಥಾಪಿತವಾದ ಸೆಲ್ಕೋ ಸಂಸ್ಥೆಯ ಮೂಲಕ ಅವರು ಕರ್ನಾಟಕದ ಹಳ್ಳಿಮನೆಗಳಿಗೆ ಬ್ಯಾಂಕ್ ಸಾಲದ ನೆರವಿನೊಡನೆ ಸೌರದೀಪಗಳನ್ನು ಒದಗಿಸಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಅವರನ್ನು ಸೆಳೆದದ್ದು ಹವಾಮಾನಕ್ಕಿಂತ ಹೆಚ್ಚಾಗಿ ಬಡವರ ಕತ್ತಲೆ. ಆದರೂ ಅವರು ವಿದ್ಯೆಯನ್ನು ಬಿಡಲಿಲ್ಲ, ಅದರ ಗುರಿಯನ್ನು ತಿದ್ದಿಕೊಂಡರು ಎಂಬುದು ಗಮನಾರ್ಹ.

ಎಲ್ಲರಿಗೂ ಆ ದಾರಿ ಸಾಧ್ಯವಾಗದು. ಕಾರ್ಖಾನೆಯ ಒಳಗೆ ನಿಂತೇ ತಿದ್ದುವೆನೆನ್ನುವವನ ಮಾತೂ ಗೌರವಕ್ಕೆ ಅರ್ಹ. ಆದರೆ ಆ ಮಾತು ಸುಲಭವಾಗಿ ಆತ್ಮವಂಚನೆಯಾಗುತ್ತದೆ. ಅದನ್ನು ಪರೀಕ್ಷಿಸುವ ಬಗೆ ವ್ಯಾಪಾರಿಗೆ ಗೊತ್ತಿರುವುದೇ. ವರ್ಷಾಂತ್ಯದಲ್ಲಿ ಜಮಾ ಖರ್ಚು ನೋಡಬೇಕು. ಈ ವರ್ಷ ತನ್ನ ಕೈಯಿಂದ ಎಷ್ಟು ಇದ್ದಲು, ಎಷ್ಟು ನೀರು, ಎಷ್ಟು ಉಕ್ಕು ವ್ಯರ್ಥವಾಗದೆ ಉಳಿಯಿತು ಎಂಬುದಕ್ಕೆ ಅಂಕಿಯ ಉತ್ತರವಿದ್ದರೆ ಅವನ ಸಂಕಲ್ಪ ನಿಜ. ಹಲವು ವರ್ಷ ಉತ್ತರವಿಲ್ಲದಿದ್ದರೆ ಉಳಿದದ್ದು ಸಂಬಳ ಮಾತ್ರ.

ಈ ಹೊಣೆಯನ್ನು ಇಪ್ಪತ್ತು ವರ್ಷದ ಮಕ್ಕಳ ಮೇಲೆಯೇ ಹೊರಿಸಿ ಹಿರಿಯರು ನಿಶ್ಚಿಂತರಾಗುವುದು ನ್ಯಾಯವಲ್ಲ. ವಿದ್ಯಾರ್ಥಿವೇತನ ನೀಡುವ ಬಸದಿಯ ಟ್ರಸ್ಟುಗಳು ಅಂಕಪಟ್ಟಿಯ ಜೊತೆಗೆ ಈ ನಾಲ್ಕನೆಯ ಪ್ರಶ್ನೆಯನ್ನೂ ಕೇಳಬಹುದು. ಕಡಿಮೆ ಸಂಬಳದ, ಆದರೆ ಹಾನಿಯನ್ನು ತಗ್ಗಿಸುವ ಕೆಲಸವನ್ನು ಆರಿಸಿದವನಿಗೆ ಸಾಲ ತೀರಿಸಲು ಹೆಚ್ಚಿನ ಅವಧಿ ಕೊಡಬಹುದು. ಮಗಳು ಅಂತಹ ಕೆಲಸದ ಮಾತೆತ್ತಿದಾಗ ತಂದೆಯು ಸಂಬಳ ಎಷ್ಟೆಂದು ಕೇಳಲಿ. ಅದರ ಜೊತೆಗೆ ಆ ಕೆಲಸದಿಂದ ಏನು ಉಳಿಯುತ್ತದೆ ಎಂದೂ ಕೇಳಲಿ.