‘ತೃಪ್ತಿಕರ’ ಎಂದು ಬರೆದ ಮೇಲೆ

ಸಂಶೋಧನಾ ವಿದ್ಯಾರ್ಥಿಗಳ ಪ್ರಗತಿ ವರದಿಯಲ್ಲಿ ಮಾರ್ಗದರ್ಶಕರ ಅಭಿಪ್ರಾಯಕ್ಕೆಂದು ಒಂದು ಸಾಲು ಬಿಟ್ಟಿರುತ್ತಾರೆ. ಅಲ್ಲಿ ನಾನು ‘ತೃಪ್ತಿಕರ’ ಎಂದು ಬರೆಯುತ್ತೇನೆ. ನಮ್ಮಲ್ಲಿ ಬಹಳಷ್ಟು ಮಂದಿ ಬರೆಯುವುದೂ ಅದನ್ನೇ. ಆರು ತಿಂಗಳಿಗೊಮ್ಮೆ ಬರೆದು, ಸಹಿ ಹಾಕಿ ಮರೆತುಬಿಡುವ ಈ ಪದ ನನ್ನನ್ನು ಕಾಡತೊಡಗಿದ್ದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಿಂದ.

ಅವಳ ವಿಷಯ ಬೀಸುವ ಪದಗಳು. ಊರೂರು ತಿರುಗಿ, ಅಜ್ಜಿಯಂದಿರ ಮುಂದೆ ಮೊಬೈಲ್ ಇಟ್ಟು, ನೂರಾರು ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಅವೆಲ್ಲ ಹೆಣ್ಣಿನ ಪ್ರತಿಭಟನೆಯ ದನಿ ಎಂಬುದು ಅವಳ ವಾದ. ಎರಡನೇ ಅಧ್ಯಾಯ ಓದುವಾಗಲೇ ನನಗೆ ಅನುಮಾನ ಬಂತು. ತವರನ್ನು ಹೊಗಳುವ, ಅಣ್ಣತಮ್ಮಂದಿರನ್ನು ಹರಸುವ, ಕೂಸನ್ನು ಮುದ್ದಿಸುವ ಹಾಡುಗಳು ಸಂಗ್ರಹದಲ್ಲಿ ಧಾರಾಳವಾಗಿದ್ದವು; ಅಧ್ಯಾಯದಲ್ಲಿ ಒಂದೂ ಇರಲಿಲ್ಲ. ವಾದಕ್ಕೆ ಒಗ್ಗದ್ದನ್ನೆಲ್ಲ ಜರಡಿ ಹಿಡಿದು ಹೊರಗಿಟ್ಟಿದ್ದಳು. ಮೋಸದ ಉದ್ದೇಶವೇನಿರಲಿಲ್ಲ. ನಂಬಿಕೆ ಅಷ್ಟು ಗಟ್ಟಿಯಾಗಿತ್ತು, ಅಷ್ಟೆ.

ನಾನು ಹೇಳಲಿಲ್ಲ. ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತ, ಬಸ್ಸಿನಲ್ಲಿ ಕೂತು ಟಿಪ್ಪಣಿ ಬರೆಯುವ ಹುಡುಗಿ. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ. ಹೀಗೆ ಒಂದೂವರೆ ವರ್ಷ ಕಳೆಯಿತು. ಮೂರು ಸಲ ‘ತೃಪ್ತಿಕರ’.

ಇದನ್ನು ನಾನು ಅಂತಃಕರಣ ಎಂದೇ ತಿಳಿದಿದ್ದೆ. ಅದರ ಖರ್ಚೆಲ್ಲ ಬಿದ್ದದ್ದು ಮಾತ್ರ ಅವಳ ಲೆಕ್ಕಕ್ಕೆ. ಒಬ್ಬ ಪ್ರಾಧ್ಯಾಪಕನ ಬಳಿ ಒಂದು ಹೊತ್ತಿಗೆ 8ಕ್ಕಿಂತ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳು ಇರುವಂತಿಲ್ಲ ಎನ್ನುತ್ತದೆ 2022ರ ಯುಜಿಸಿ ನಿಯಮಾವಳಿ. ಪ್ರಬಂಧ ಮುಗಿಸಲು 6 ವರ್ಷದ ಗಡುವು, ಆಮೇಲೆ ಬೇಕಿದ್ದರೆ ವಿಸ್ತರಣೆ. ತಲೆ ಎಣಿಸಬಹುದು, ವರ್ಷ ಎಣಿಸಬಹುದು. ಓದಿದ ಮೇಲೂ ಬಾಯಿ ಬಿಡದವನನ್ನು ಯಾವ ನಿಯಮ ಹಿಡಿದೀತು?

1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದ ಯುವಕ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಲು ಹೇಳಿದ ಪ್ರಸಂಗವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಆ ನೇರ ಮಾತನ್ನು ಮೆಚ್ಚಿದ್ದೇನೆ. ಆದರೆ ಕಸಿನ್ಸ್ ಯಾರ ಗೈಡೂ ಆಗಿರಲಿಲ್ಲ. ಆ ಯುವಕನ ವರದಿಗೆ ಸಹಿ ಹಾಕುವ ಕೆಲಸ ಅವರಿಗಿರಲಿಲ್ಲ. ಬೇಡವೆನಿಸಿದರೆ ಆ ಮಾತನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ಯುವಕನಿಗೂ ಇತ್ತು. ನನ್ನ ವಿದ್ಯಾರ್ಥಿನಿಗೆ ಅದಿಲ್ಲ. ಸಹಿ ಹಾಕುವವನು ಸಲಹೆ ಅಂತ ಹೇಳಿದ್ದೂ ಅಪ್ಪಣೆಯಾಗಿಬಿಡುತ್ತದೆ. ಆ ಅಳುಕಿನಿಂದ ಸುಮ್ಮನಿದ್ದೆ ಎಂದು ಹೇಳಿಕೊಳ್ಳಬಹುದು. ಅದು ಅರ್ಧ ಸುಳ್ಳು. ನನಗೆ ‘ಒಳ್ಳೆಯ ಸರ್’ ಅನ್ನಿಸಿಕೊಳ್ಳುವ ಆಸೆಯಿತ್ತು.

ಕೊನೆಗೆ, ಪೂರ್ತಿ ಕರಡು ಮೇಜಿನ ಮೇಲೆ ಬಂದ ದಿನ ಹೇಳಿದೆ. ಅವಳು ಅಳಲಿಲ್ಲ, ವಾದಿಸಲೂ ಇಲ್ಲ.

“ಸರ್, ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಎರಡನೇ ಅಧ್ಯಾಯ ಓದಿದಾಗ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ಆಗಲೇ ಹೇಳಿದ್ರೆ ಅಜ್ಜಿಯರ ಹತ್ರ ಮತ್ತೆ ಹೋಗಿ ಕೇಳಬಹುದಿತ್ತು ಸರ್. ಅವರಲ್ಲಿ ಇಬ್ಬರು ಹೋಗಿಬಿಟ್ರು.”

ಈಗ ಅವಳು ಮೊದಲಿನಿಂದ ಬರೆಯುತ್ತಿದ್ದಾಳೆ. ಬಿಟ್ಟ ಹಾಡುಗಳು ಒಳಗೆ ಬಂದಿವೆ. ಆ ಇಬ್ಬರ ಹಾಡುಗಳೂ ಇವೆ. ಅವುಗಳ ಮುಂದೆ ವಿವರಣೆಯ ಜಾಗವನ್ನು ಖಾಲಿ ಬಿಟ್ಟಿದ್ದಾಳೆ.